ಪರದೆ ತಡೆದ ಮಹಾರಾಜ

ಔಷಧಿ ಅಂಗಡಿಯ ಯಜಮಾನರಿಗೆ ನಾಟಕದಲ್ಲಿ ಯಾವಾಗಲೂ ರಾಜನ ಪಾತ್ರ. ಕೊನೆಯಲ್ಲಿ ಬಾಣ ತಗುಲಿ, ಎರಡು ಮಾತಾಡಿ ಸಾಯಬೇಕು. ಆದರೆ ಸಾಯುವ ದೃಶ್ಯವೆಂದರೆ ಅವರಿಗೆ ಪಂಚಪ್ರಾಣ. ಸ್ವಂತ ಮಾತು ಸೇರಿಸಿ, ಬಿದ್ದು, ಮತ್ತೆ ಎದ್ದು, ಎಳೆದೂ ಎಳೆದೂ ಸಾಯುತ್ತಿದ್ದರು. ಮರೆಯಲ್ಲಿ ನಿಂತು ಮಾತು ಹೇಳಿಕೊಡುತ್ತಿದ್ದ ಹೆಂಡತಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ಪರದೆ ಎಳೆಯುವ ಮೋಟರು ನಾದಿನಿಯ, ಅಂದರೆ ಹೆಂಡತಿಯ ತಂಗಿಯ, ಸುಪರ್ದಿಯಲ್ಲಿತ್ತು, ಅವಳು ಎಲೆಕ್ಟ್ರಿಷಿಯನ್. ಹೋದ ವರ್ಷ ಪರದೆ ಸಿಂಹಾಸನಕ್ಕೆ ಸಿಕ್ಕಿಕೊಂಡು, ತಿರುಗಲಾರದ ಮೋಟರು ಸಿಕ್ಕಾಪಟ್ಟೆ ಕರೆಂಟು ಎಳೆದು ಸುಟ್ಟೇಹೋಗಿತ್ತು. ಅದಕ್ಕೇ ಈ ಸಲ ಕರೆಂಟಿಗೆ ಕಡಿವಾಣ ಹಾಕುವ ಪೆಟ್ಟಿಗೆಯೊಂದನ್ನು ಜೋಡಿಸಿದ್ದಳು.

“ಇನ್ಮೇಲೆ ಪರದೆ ಸಿಕ್ಕಿಕೊಂಡ್ರೂ ಸುಡಲ್ಲ ಭಾವ. ನಾನು ಬಿಟ್ಟಷ್ಟೇ ಕರೆಂಟು, ಅಷ್ಟೇ ಬಲ. ನಿಂತಲ್ಲೇ ಸುಮ್ನೆ ಎಳೀತಾ ಇರುತ್ತೆ.”

“ಅಂದ್ರೆ ನಿಮ್ಮಕ್ಕನ ಥರ,” ಅಂದರು ಭಾವ.

ನಾಟಕದ ಮೊದಲ ದಿನ ಬಾಣ ತಗುಲಿತು. ಎರಡು ಮಾತೂ ಆದವು. ರಾಜರು ಮೂರನೆಯದಕ್ಕೆ ಬಾಯಿ ತೆರೆದರು.

“ಸಾಕು, ಎಳಿಯೇ,” ಅಂದಳು ಅಕ್ಕ. ತಂಗಿ ಗುಂಡಿ ಒತ್ತಿದಳು.

ಎರಡೂ ಕಡೆಯಿಂದ ಪರದೆ ಬರುವುದನ್ನು ಕಂಡ ರಾಜರು ದಡಬಡಿಸಿ ಎದ್ದು, ಕೈ ಚಾಚಿ ಎರಡೂ ಅಂಚುಗಳನ್ನು ಹಿಡಿದು ನಿಲ್ಲಿಸಿಬಿಟ್ಟರು. “ಇಲ್ಲ! ನಾನಿನ್ನೂ ಸತ್ತಿಲ್ಲ!”

ಮೋಟರು ನಿಂತಿತು. ಆದರೆ ಎಳೆತ ನಿಲ್ಲಲಿಲ್ಲ. ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಗುಂಯ್ ಅನ್ನುತ್ತ ಕೂತಿತ್ತು.

“ಆಫ್ ಮಾಡೇ, ಮತ್ತೆ ಸುಟ್ಟೀತು!”

ನಾದಿನಿ ಮೋಟರನ್ನು ಮುಟ್ಟಿ ನೋಡಿದಳು. “ಬೆಚ್ಚಗಿದೆ ಅಷ್ಟೇ ಅಕ್ಕ. ಮೊದಲು ಸುಸ್ತಾಗೋದು ಭಾವನಿಗೆ.”

ಹಾಗೇ ಆಯಿತು. ರಾಜರ ತೋಳು ಗಡಗಡ ನಡುಗಿತು. ಬೆವರಿಗೆ ಮೀಸೆಯ ಒಂದು ತುದಿ ಕಿತ್ತು ಜೋತಾಡಿತು. “ಪ್ರಜೆಗಳೇ…” ಅನ್ನುವಷ್ಟರಲ್ಲಿ ಉಸಿರು ಮುಗಿಯಿತು. ಜನ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಎದುರು ಸಾಲಿನ ಅಜ್ಜಿಯಂತೂ ಬಿಕ್ಕಿ ಬಿಕ್ಕಿ ಅತ್ತರು.

ಕೈ ಸೋತು ಜಾರಿದ್ದೇ ತಡ, ತಡೆ ತಪ್ಪಿದ ಮೋಟರು ಗಿರ್ರನೆ ತಿರುಗಿ ಪರದೆಯನ್ನು ಫಟ್ಟನೆ ಮುಚ್ಚಿತು. ರಾಜರು ದೊಪ್ಪನೆ ಒಳಗೆ ಬಿದ್ದರು. ಪಾದಗಳೆರಡು ಹೊರಗೇ ಉಳಿದವು. ಚಪ್ಪಾಳೆ ನಿಲ್ಲಲೇ ಇಲ್ಲ.

ಅಜ್ಜಿ ಒಳಗೇ ಬಂದರು. “ಸಾವಿನ ಜೊತೆ ಇಷ್ಟು ಗುದ್ದಾಡಿದ ರಾಜನ್ನ ನಾನು ನೋಡೇ ಇಲ್ಲಪ್ಪ!”

ಬೈಯಬೇಕೆಂದು ಸಿದ್ಧರಾಗಿದ್ದ ಭಾವನ ಮುಖ ಅರಳಿತು. ಅಜ್ಜಿ ಹೋದ ಮೇಲೆ ನಾದಿನಿಯನ್ನು ಪಕ್ಕಕ್ಕೆ ಕರೆದರು. “ನಾಳೆಯೂ ಹೀಗೇ ಮಾಡಮ್ಮ. ಆದ್ರೆ ಕರೆಂಟು ಒಂಚೂರು ಕಮ್ಮಿ ಇಡು, ಇನ್ನೂ ನಾಲ್ಕು ಮಾತು ಸೇರಿಸ್ತೀನಿ.”

“ಜಾಸ್ತಿ ಇಡೇ,” ಅಂದಳು ಅಕ್ಕ, ಗಂಡನ ತೋಳಿಗೆ ಎಣ್ಣೆ ತಿಕ್ಕುತ್ತ.