ಏರಿನ ಮೇಲೆ ಹದಿನೆಂಟು ನಿಮಿಷ

"ಫೈರ್‌ಮನ್‌ಗೆ ಜ್ವರ, ಬರೋದಿಲ್ಲವಂತೆ. ಇವತ್ತು ಎಡಗಡೆ ಸೀಟು ನಿನ್ನದು," ಎಂದ ಡ್ರೈವರ್ ಹಾಲಿಸ್, ಎಂಜಿನ್ನಿನ ಮೆಟ್ಟಿಲ ಮೇಲೆ ನಿಂತುಕೊಂಡೇ.

ನಾಗಮಣಿಯ ಕೈಯಲ್ಲಿ ಬೋಗಿಯ ಕಿಟಕಿ ಒರೆಸುತ್ತಿದ್ದ ಬಟ್ಟೆಯಿತ್ತು. ಅದನ್ನೇನು ಮಾಡಬೇಕೆಂದು ತೋಚದೆ ಹೆಗಲ ಮೇಲೆ ಹಾಕಿಕೊಂಡಳು. ಎರಡು ವರ್ಷದಿಂದ ಪ್ರತಿ ಶನಿವಾರ ರೌಂಡ್ ರಾಕ್‌ನ ಮನೆಯಿಂದ ನಲವತ್ತು ನಿಮಿಷ ಡ್ರೈವ್ ಮಾಡಿಕೊಂಡು ಈ ಹಳೆಯ ಉಗಿಬಂಡಿಯ ಶೆಡ್ಡಿಗೆ ಸ್ವಯಂಸೇವೆಗೆ ಬರುತ್ತಿದ್ದಳು. ವಾರವಿಡೀ ಆಸ್ಟಿನ್‌ನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವವಳು ಇಲ್ಲಿ ಮಸಿ ಕೆರೆದಳು, ಗ್ರೀಸ್ ಹಚ್ಚಿದಳು, ಟಿಕೆಟ್ ಹರಿದಳು. ಆಮೇಲೆ ಬೆಂಕಿ ನೋಡಿಕೊಳ್ಳುವುದನ್ನು ಕಲಿತಳು. ಯಾರಾದರೂ ಬೆನ್ನ ಹಿಂದೆ ನಿಂತಿರುವಾಗ ಹದಿನಾಲ್ಕು ಸಲ ಎಂಜಿನ್ನಿಗೆ ಉಗಿ ಕಟ್ಟಿಕೊಟ್ಟಿದ್ದಳು. ಎಂಜಿನ್ನಿನ ಬೆಂಕಿ, ನೀರು ನೋಡಿಕೊಳ್ಳುವ ಫೈರ್‌ಮನ್ ಎಂಬ ಕಾರ್ಡು ಸಿಗಬೇಕಾದರೆ ಒಂದು ಪೂರ್ತಿ ಓಟ ಅವಳೇ ನಿಭಾಯಿಸಬೇಕಿತ್ತು. ಅದಕ್ಕೆ ಉಳಿದಿದ್ದುದು ಇವತ್ತೊಂದೇ ದಿನ. ನಾಳೆಯಿಂದ ರಿಪೇರಿಗೆಂದು ಬಾಯ್ಲರ್ ಬಿಚ್ಚುತ್ತಾರೆ. ಮತ್ತೆ ಜೋಡಿಸುವ ಹೊತ್ತಿಗೆ ಮೂರು ವರ್ಷವೋ ನಾಲ್ಕೋ.

"ನಾನೊಬ್ಬಳೇನಾ?" ಎಂದು ಕೇಳಿದಳು.

"ನಾನಿರ್ತೀನಿ. ಆದರೆ ಬಾಯಿ ಹಾಕೋದಿಲ್ಲ." ಮೂವತ್ತೆಂಟು ವರ್ಷ ಗೂಡ್ಸ್ ರೈಲು ಓಡಿಸಿ ನಿವೃತ್ತನಾದ ಹಾಲಿಸ್‌ನ ಇಂಗ್ಲಿಷು ಅರ್ಧ ಮೂಗಿನಲ್ಲೇ ಉಳಿಯುತ್ತಿತ್ತು. ಉಳಿದರ್ಧವನ್ನು ಅರ್ಥ ಮಾಡಿಕೊಳ್ಳಲು ಅವಳಿಗೆ ಒಂದು ವರ್ಷ ಹಿಡಿದಿತ್ತು.

ಫ್ಯಾಮಿಲಿ ಡೇ ಆದ್ದರಿಂದ ಪ್ಲಾಟ್‌ಫಾರ್ಮಿನ ತುಂಬ ಮಕ್ಕಳು. ಕೆನ್ನೆಗೆ ಹುಲಿಯ ಬಣ್ಣ ಬಳಿಸಿಕೊಂಡವರು, ಬಲೂನು ಕಳೆದುಕೊಂಡು ಅಳುವವರು. ಅವರ ನಡುವೆ ನಾಗಮಣಿಯ ಮನೆಯವರೂ ಬಂದರು: ಗಂಡ ಚಿದಾನಂದ್ ಐಸ್ ಡಬ್ಬಿ ಹೊತ್ತುಕೊಂಡು, ಹನ್ನೆರಡರ ಮಗಳು ಸಿಯಾ ಫೋನ್ ಹಿಡಿದುಕೊಂಡು, ಹುಬ್ಬಳ್ಳಿಯಿಂದ ಬಂದು ತಿಂಗಳಾಗಿದ್ದ ಅತ್ತೆ ಗಂಗವ್ವ ಇಳಕಲ್ ಸೀರೆಯ ಮೇಲೆ ಮಗನ ಸ್ವೆಟರ್ ಹಾಕಿಕೊಂಡು.

ಡಂಗರಿ ತೊಟ್ಟು ಎಂಜಿನ್ ಹತ್ತುತ್ತಿದ್ದ ಸೊಸೆಯನ್ನು ಗಂಗವ್ವ ಕೆಳಗಿನಿಂದ ನೋಡಿದಳು. "ಇದೇನವಾ ನಾಗೂ, ಬೆಂಕಿ ಮುಂದ ನಿಂದ್ರಾಕ ಅಮೆರಿಕಾಕ್ಕ ಬರಬೇಕಿತ್ತೇನ?"

"ಇವತ್ತೊಂದಿನ ನೋಡಿ ಅತ್ತೆ, ಆಮೇಲೆ ಬೈಯಿರಿ," ಎಂದು ನಕ್ಕಳು ನಾಗಮಣಿ.

ಹತ್ತೂವರೆಗೆ ಎಂಜಿನ್ ಸೀಟಿ ಊದಿತು. ಆರು ಬೋಗಿ, ಮುನ್ನೂರು ಜನ. ಮೊದಲ ಎಂಟು ಮೈಲಿ ಅವಳು ಯಾವತ್ತೂ ಅನುಭವಿಸದಿದ್ದ ಸುಖದಲ್ಲಿ ಕಳೆದವು. ಬೆಂಕಿಗೆ ಎಣ್ಣೆ ಬಿಡುವ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಬೆಂಕಿಯ ಗುಡುಗು ಬದಲಾಗುತ್ತಿತ್ತು. ಕೊಳವೆಯಿಂದ ಏಳುವ ಹೊಗೆ ತೆಳು ಬೂದು ಬಣ್ಣದ್ದಾಗಿಯೇ ಇತ್ತು, ಒತ್ತಡದ ಮುಳ್ಳು ನೂರಾ ಎಂಬತ್ತರಿಂದ ಅಲುಗಲಿಲ್ಲ. ಹಾಲಿಸ್ ಒಮ್ಮೆ ಹೊಗೆಯ ಕಡೆ ನೋಡಿ, ಮತ್ತೆ ಹಳಿಯ ಕಡೆ ತಿರುಗಿದ. ಅಷ್ಟಕ್ಕೇ ಅವಳಿಗೆ ಹಾಡಬೇಕೆನ್ನಿಸಿತು.

ಏರು ಶುರುವಾಗಿ ಒಂದು ಮೈಲಿಯಾಗಿರಬಹುದು. ಬಾಯ್ಲರಿಗೆ ನೀರು ನೂಕಲು ಅವಳು ತನ್ನ ಕಡೆಯ ಇಂಜೆಕ್ಟರ್ ತೆರೆದಳು. ನೀರು ಒಳಗೆ ಹೋಗುವ ಬದಲು ಕೆಳಗಿನ ಕೊಳವೆಯಿಂದ ಹಬೆ ಬುಸ್ಸೆಂದಿತು. ಮುಚ್ಚಿ ಮತ್ತೆ ತೆರೆದಳು. ಮತ್ತೆ ಹಬೆ. ಹಾಲಿಸ್ ತನ್ನ ಕಡೆಯದನ್ನು ತೆರೆದ. ಅದು ಹಿಡಿಯಿತಾದರೂ ಮುಕ್ಕಾಲು ನೀರು ಹಳಿಯ ಮೇಲೆ ಚೆಲ್ಲಿ ಹೋಗುತ್ತಿತ್ತು.

ಬಾಯ್ಲರಿನ ನೀರು ತೋರಿಸುವ ಗಾಜಿನ ನಳಿಗೆಯಲ್ಲಿ ಮಟ್ಟ ಇಳಿಯತೊಡಗಿತು. ನಾಲ್ಕು ಬೆರಳು, ಮೂರು.

"ಇನ್ನು ಅರ್ಧ ಮೈಲಿಗೆ ನೆತ್ತಿ," ಎಂದ ಹಾಲಿಸ್. "ಆಮೇಲೆ ಇಳಿಜಾರು, ಉಗಿ ಬೇಕಾಗೋದಿಲ್ಲ. ಇಲ್ಲಿ ನಿಂತರೆ ಮತ್ತೆ ಹೊರಡೋದು ಕಷ್ಟ. ಬೆಂಕಿ ನಿನ್ನದು. ಏನು ಮಾಡೋಣ?"

ಓಡಿಸಿದರೆ ಓಟ ಪೂರ್ತಿಯಾಗುತ್ತದೆ, ಕಾರ್ಡು ಸಿಗುತ್ತದೆ. ನಾಗಮಣಿ ಗಾಜನ್ನೇ ನೋಡಿದಳು. ಏರಿನಲ್ಲಿ ಬಾಯ್ಲರಿನ ನೀರೆಲ್ಲ ಹಿಂದಕ್ಕೆ ವಾಲಿರುತ್ತದೆ, ಆದ್ದರಿಂದಲೇ ಮೂರು ಬೆರಳಾದರೂ ಕಾಣುತ್ತಿದೆ. ನೆತ್ತಿ ದಾಟಿದ ಮರುಕ್ಷಣ ಅದೆಲ್ಲ ಮುಂದಕ್ಕೆ ಓಡುತ್ತದೆ. ಬೆಂಕಿಯ ಮೇಲಿನ ತಗಡು ಬರಿದಾಗುತ್ತದೆ. ಬರಿದಾದ ತಗಡು ಕೆಂಪಗೆ ಕಾದು ಬಿರಿದರೆ ಎಂಜಿನ್ನೇ ಇರುವುದಿಲ್ಲ.

"ನಿಲ್ಲಿಸಿ," ಎಂದಳು.

"ಖಂಡಿತಾನಾ?"

"ನಿಲ್ಲಿಸಿ ಅಂದೆನಲ್ಲ." ಹಾಲಿಸ್‌ನೊಡನೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅವನು ಬ್ರೇಕ್ ಎಳೆಯುವ ಮೊದಲೇ ಅವಳು ಎಣ್ಣೆ ಮುಚ್ಚಿ ಬೆಂಕಿ ಆರಿಸಿದ್ದಳು.

ರೈಲು ಕಿರುಗುಟ್ಟಿ ನಿಂತಿತು. ಇದ್ದಕ್ಕಿದ್ದಂತೆ ಸುತ್ತಲಿನ ಸೀಡರ್ ಗಿಡಗಳಲ್ಲಿ ಹಕ್ಕಿಗಳ ಸದ್ದು ಕೇಳಿಸಿತು. ನಾಗಮಣಿ ಕೆಳಗಿಳಿದು ಹೆಗಲ ಮೇಲಿನ ಬಟ್ಟೆಯನ್ನು ಕೈಗೆ ಸುತ್ತಿ ಇಂಜೆಕ್ಟರಿಗೆ ತಾಗಿಸಿ ನೋಡಿದಳು. ಕೆಂಡದ ಹಾಗೆ ಕಾದಿತ್ತು, ಕಾದದ್ದು ನೀರೆಳೆಯುವುದಿಲ್ಲ. ಟ್ಯಾಂಕಿನ ನೀರೂ ಬೆಚ್ಚಗಾಗಿತ್ತು.

ಮೊದಲ ಬೋಗಿಯ ಕಿಟಕಿಯಿಂದ ಸಿಯಾ ತಲೆ ಹೊರಹಾಕಿದಳು. "ಅಮ್ಮಾ, ಆರ್ ವಿ ಸ್ಟಕ್?"

ಅವಳ ಪಕ್ಕದಲ್ಲಿ ಗಂಗವ್ವನ ಮುಖ ಮೂಡಿತು. "ಏನಾತ ನಾಗೂ?"

"ತಣ್ಣೀರು ಬೇಕು ಅತ್ತೆ. ತುಂಬ ತಣ್ಣಗಿರೋದು."

"ತಣ್ಣೀರೇನವಾ, ಬರ್ಫನ ಐತಿ. ಏ ಚಿದೂ, ಆ ಡಬ್ಬಿ ತಗೊಂಡು ಇಳಿ. ಮಜ್ಜಿಗಿ ಬಾಟ್ಲಿ ತಗದ ಇಡು ಮತ್ತ."

ಚಿದಾನಂದ್ ಓಡಿ ಬಂದ. ಐಸನ್ನು ಅದೇ ಬಟ್ಟೆಯಲ್ಲಿ ಕಟ್ಟಿ ನಾಗಮಣಿ ಇಂಜೆಕ್ಟರಿಗೆ ಒತ್ತಿ ಹಿಡಿದಳು. ಚುರ್ರೆಂದು ಹಬೆ ಎದ್ದು ಮುಖಕ್ಕೆ ಬಡಿಯಿತು. ಸಾಲಲಿಲ್ಲ. "ಇನ್ನೂ ಬೇಕು ರೀ," ಎಂದಳು. ಅಷ್ಟರಲ್ಲಿ ಗಂಗವ್ವ ಬೋಗಿಯೊಳಗೆ ಎದ್ದು ನಿಂತು, ಯಾರಿಗೂ ತಿಳಿಯದ ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಕೈಸನ್ನೆಯಲ್ಲಿ ಬರ್ಫ್ ಕೇಳತೊಡಗಿದ್ದಳು. ಕಿಟಕಿಗಳಿಂದ ಲೋಟ, ಥರ್ಮಾಸ್, ಜ್ಯೂಸಿನ ಡಬ್ಬಿ, ಪುಟ್ಟ ಬಕೆಟ್ಟು ಇಳಿದವು. ಚಿದಾನಂದ್ ಎಲ್ಲವನ್ನೂ ತಂದು ಇಂಜೆಕ್ಟರಿನ ಮೇಲೆ ಸುರಿದ. ಹುಲಿ ಮುಖದ ಮಕ್ಕಳು ಪ್ರತಿ ಲೋಟಕ್ಕೂ ಚಪ್ಪಾಳೆ ತಟ್ಟಿದರು.

ನಾಗಮಣಿ ಮೇಲೆ ಹತ್ತಿ ಇಂಜೆಕ್ಟರ್ ತೆರೆದಳು. ಬುಸ್ಸೆಂದಿತು, ಕೆಮ್ಮಿತು, ಆಮೇಲೆ ಸಣ್ಣ ದನಿಯಲ್ಲಿ ಒಂದೇ ಸಮನೆ ಗುನುಗತೊಡಗಿತು. ನೀರು ಒಳಗೆ ಹೋಗುತ್ತಿತ್ತು. ಮೂರು ಬೆರಳು, ನಾಲ್ಕು, ಅರ್ಧ ಗಾಜು. ಮತ್ತೆ ಬೆಂಕಿ ಹೊತ್ತಿಸಿ ಮುಳ್ಳು ಮೇಲೇರುವವರೆಗೆ ಕಾದಳು. ಹಾಲಿಸ್ ಗಡಿಯಾರ ನೋಡಿಕೊಂಡ: ಹದಿನೆಂಟು ನಿಮಿಷ.

"ಈಗ ಎಳೆಯಬಹುದು," ಎಂದಳು.

ಅವನು ಚಕ್ರಕ್ಕೆ ಹಿಡಿತ ಸಿಗಲೆಂದು ಹಳಿಗೆ ಮರಳು ಸುರಿಸಿ, ಉಗಿ ಬಿಟ್ಟ. ಚಕ್ರ ಗರಗರ ತಿರುಗಿ ಜಾರಿತು. ಇನ್ನೊಮ್ಮೆ. ಮೂರನೆಯ ಸಲ ಕಚ್ಚಿಕೊಂಡಿತು. ಎಂಜಿನ್ ಒಂದೊಂದೇ ಉಸಿರಿಗೆ ಬೋಗಿಗಳನ್ನು ಮೇಲಕ್ಕೆ ಹೊತ್ತಿತು, ಪ್ರತಿ ಉಸಿರಿಗೂ ನಾಗಮಣಿಯ ಕೈ ವಾಲ್ವಿನ ಮೇಲೆ ಸೂಕ್ಷ್ಮವಾಗಿ ಅಲುಗುತ್ತಿತ್ತು. ನೆತ್ತಿ ದಾಟುವಾಗ ಅವಳು ಗಾಜಿನಿಂದ ಕಣ್ಣು ತೆಗೆಯಲಿಲ್ಲ. ನೀರು ಸರ್ರನೆ ಇಳಿದು, ಎರಡು ಬೆರಳಿನ ಮೇಲೆ ನಿಂತಿತು. ಹಿಂದಿನಿಂದ ಮುನ್ನೂರು ಜನರ ಕೂಗು ಗಾಳಿಯಲ್ಲಿ ತೇಲಿ ಬಂತು. ಅವಳೂ ಕೂಗಿದಳು, ಯಾವ ಭಾಷೆಯಲ್ಲೆಂದು ಅವಳಿಗೇ ಗೊತ್ತಾಗಲಿಲ್ಲ.

ಕೊನೆಯ ಸ್ಟೇಷನ್ನಿನಲ್ಲಿ ಒಂದು ಗಂಟೆ ಬಿಡುವು. ಜನರೆಲ್ಲ ಇಳಿದು ಮರಗಳ ಕಡೆ ಹೊರಟರು. ಹಾಲಿಸ್ ಕೈಗವಸು ಕಳಚಿ ಸೀಟಿನ ಮೇಲಿಟ್ಟ.

"ನೆತ್ತಿ ದಾಟೋಣ ಅಂದಿದ್ದರೆ ನಾನೇ ನಿಲ್ಲಿಸ್ತಿದ್ದೆ," ಎಂದ. "ಕಾರ್ಡು ಸಂಜೆ ಬರೆದುಕೊಡ್ತೀನಿ. ಈಗ ಊಟ ಮಾಡಿ ಬರ್ತೀನಿ, ಎಂಜಿನ್ ನೋಡ್ಕೋ."

ಅವನು ಹಿಂದಿರುಗಿ ನೋಡದೆ ಹೋದ. ಎಂಜಿನ್ನಿನಲ್ಲಿ ನಾಗಮಣಿ ಒಬ್ಬಳೇ ಉಳಿದಳು. ತಟ್ಟೆ ಹಿಡಿದುಕೊಂಡು ಗಂಗವ್ವ ಬಂದಳು.

"ಇಳದ ಬಾ, ರೊಟ್ಟಿ ಉಣ್ಣು."

"ಆಗಲ್ಲ ಅತ್ತೆ. ಇದನ್ನ ಬಿಟ್ಟು ಬರೋ ಹಾಗಿಲ್ಲ."

ಗಂಗವ್ವ ಎಂಜಿನ್ನನ್ನು ತುದಿಯಿಂದ ತುದಿಯವರೆಗೆ ಒಮ್ಮೆ ನೋಡಿದಳು. ಆಮೇಲೆ ಮಗನನ್ನು ಕೂಗಿ ಮಡಿಸುವ ಕುರ್ಚಿ ತರಿಸಿ, ಎಂಜಿನ್ನಿನ ನೆರಳಿನಲ್ಲಿ ಹಾಕಿಕೊಂಡು ಕುಳಿತಳು. ರೊಟ್ಟಿಯನ್ನು ಎರಡು ಪಾಲು ಮಾಡಿ, ಪಲ್ಯ ಸುತ್ತಿ, ಒಂದನ್ನು ಕೈ ಚಾಚಿ ಮೆಟ್ಟಿಲ ಮೇಲೆ ಇಟ್ಟಳು. ಇನ್ನೊಂದನ್ನು ತಾನು ನಿಧಾನವಾಗಿ ತಿನ್ನತೊಡಗಿದಳು.