ಎಂಜಿನ್ನಿನ ಹಣೆ

ಮಂಡಿಕಲ್ ಹತ್ತಿರದ ತೋಟದ ಬಾವಿಮನೆಯಲ್ಲಿದ್ದ ಹಳೆಯ ಎಂಜಿನ್ನು ಸಮುದ್ರ ಕಂಡದ್ದೆಂದು ಚೆನ್ನರಾಯಪ್ಪ ಬದುಕಿದ್ದಷ್ಟು ಕಾಲವೂ ಹೇಳುತ್ತಿದ್ದ. ಅವನ ತಂದೆ ಅದನ್ನು ಮದರಾಸಿನ ಮೀನುದೋಣಿಯೊಂದರಿಂದ ಬಿಚ್ಚಿಸಿ, ರೈಲಿನಲ್ಲಿ ತಂದು, ನೀರೆತ್ತಲು ಬಾವಿಗೆ ಕೂರಿಸಿದ್ದನಂತೆ. ಊರು ನಂಬಲಿಲ್ಲ. ‘ಹಡಗಿನ ಚೆನ್ನರಾಯ’ ಎಂಬ ಹೆಸರು ಮಾತ್ರ ಉಳಿಯಿತು. ಹೋದ ಚಳಿಗಾಲದಲ್ಲಿ ಅವನು ತೀರಿಕೊಂಡಾಗ, ಮುಖ ನೋಡಲು ಬಂದವರೂ ಅದೇ ಹೆಸರು ಹೇಳಿದ್ದು ಹೆಂಡತಿ ವೆಂಕಟರತ್ನಮ್ಮನ ಕಿವಿಗೆ ಬಿದ್ದಿತ್ತು. ಅದು ಇನ್ನೂ ಚುಚ್ಚುತ್ತಿತ್ತು.

ಮೈದುನನ ಮಗ ಮುರಳಿಮೋಹನ್ ಚಿಂತಾಮಣಿಯ ಕಾಲೇಜಿನಲ್ಲಿ ಮೇಷ್ಟ್ರು. ದೊಡ್ಡಪ್ಪನ ಮಾತಿನ ಬೆನ್ನು ಹತ್ತಿದ್ದ. ಸೈಬರ್ ಸೆಂಟರಿನಿಂದ ಎಂಜಿನ್ನಿನ ಫೋಟೋ ಕಳಿಸಿದ್ದಕ್ಕೆ ಇಂಗ್ಲೆಂಡಿನಿಂದ ಯಾರೋ ಉತ್ತರ ಬರೆದಿದ್ದರು: ದೋಣಿಯದೇ ಇರಬಹುದು, ಇಂಥವು ಈಗ ಬಹಳ ಅಪರೂಪ, ಆದರೆ ಹೆಸರಿನ ಫಲಕ ನೋಡದೆ ಹೇಳಲಾಗದು.

ಫಲಕ ಎಲ್ಲಿದೆಯೆಂದು ವೆಂಕಟರತ್ನಮ್ಮನಿಗೆ ಗೊತ್ತಿತ್ತು. ಕರೆಂಟು ಮೋಟಾರು ಬಂದ ಮೇಲೂ ಪ್ರತಿ ಆಯುಧಪೂಜೆಗೆ ಗಂಡ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅದರ ಮೇಲೆಯೇ ಹಚ್ಚುತ್ತಿದ್ದ. ಹಿಂದಿನ ವರ್ಷದ್ದನ್ನು ಒರೆಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಈಗ ಅಲ್ಲಿ ಅಂಗೈಯಗಲದ ಕೆಂಪು ಹೆಪ್ಪು. ಅದರ ಮೇಲೆ, ಕೊನೆಯ ದಸರೆಯಲ್ಲಿ ಒತ್ತಿದ ಹೆಬ್ಬೆರಳಿನ ಗೆರೆಗಳು ಹಾಗೇ ಇದ್ದವು.

“ಹೋಗಿ ಹೋಗಿ ಅಲ್ಲೇ ಯಾಕೆ ಇಟ್ರು ದೊಡ್ಡಮ್ಮ?” ಎಂದ ಮುರಳಿ, ಎಂಜಿನ್ನಿನ ಮುಂದೆ ಅವಳ ಪಕ್ಕ ಕೂತು.

“ಹಣೆ ಅಂದ್ರೆ ಅದೇ ಅಲ್ವೇನ್ ನಾಯನಾ? ಇನ್ನೆಲ್ಲಿ ಇಡ್ತಾರೆ?”

“ಒರೆಸೋ ಮುಂಚೆ ಫೋಟೋ ತಕ್ಕೊಂತೀನಿ.”

“ಫೋಟೋದಾಗೆ ಬೆರಳು ಸಿಕ್ತದಾ?”

“ನಿಮಗೆ ಬೇಡ ಅಂದ್ರೆ ಬಿಡಿ ದೊಡ್ಡಮ್ಮ,” ಎಂದು ಮುರಳಿ ಎದ್ದ.

ಪಕ್ಕದ ತೋಟದ ಗಂಗುಲಪ್ಪ ಬಾಗಿಲಲ್ಲಿ ಇಣುಕಿದ. “ಏನ್ ಅತ್ತಿಗಮ್ಮ, ಹಡಗು ಇವತ್ತಾದ್ರೂ ಹೊರಡ್ತದಾ? ನಮ್ಮ ಕೆರೇಲಿ ಎಮ್ಮೆ ಮುಳುಗೋಕೂ ನೀರಿಲ್ಲ!”

ವೆಂಕಟರತ್ನಮ್ಮ ಗಂಡನ ಬೆರಳಿನ ಗುರುತಿನ ಮೇಲೆ ತನ್ನ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ಕೂತಳು. ಆಮೇಲೆ ಹೊಂಗೆಎಣ್ಣೆಯ ಬಟ್ಟಲು ಎಳೆದುಕೊಂಡು ತಾನೇ ಉಜ್ಜತೊಡಗಿದಳು. ಹೆಪ್ಪು ನೆನೆದು, ಪದರ ಪದರವಾಗಿ ಬಿಟ್ಟು, ಅಂಗೈಯೆಲ್ಲ ಕೆಂಪಾಯಿತು. ಕಡೆಗೆ ಹಿತ್ತಾಳೆ ಕಂಡಿತು. ಇಂಗ್ಲಿಷ್ ಅಕ್ಷರ, ನಂಬರು, ನಡುವೆ ಉಬ್ಬಿದ ಒಂದು ಚಿತ್ರ.

ಗಂಗುಲಪ್ಪ ಬಗ್ಗಿ ನೋಡಿದ. “ಇದೇನು, ಮೀನು ಹಿಡಿಯೋ ಗಾಳಾನಾ?”

“ಲಂಗರು ಚಿಕ್ಕಪ್ಪ, ದೋಣಿ ನಿಲ್ಸೋದು.” ಮುರಳಿ ಅಕ್ಷರಗಳ ಮೇಲೆ ಬೆರಳಾಡಿಸಿದ. “ಮರೀನ್ ಅಂತಾನೂ ಬರೆದವ್ರೆ. ಸಮುದ್ರದ್ದೇ.”

ಗಂಗುಲಪ್ಪ ತಲೆಗೆ ಸುತ್ತಿದ್ದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. “ಅಲ್ಲ ಕಣಪ್ಪಾ, ಸಾಕ್ಷಿ ಇಲ್ಲೇ ಇಟ್ಕೊಂಡು ಅದಕ್ಕೇ ಕುಂಕುಮ ಬಳೀತಿದ್ನಲ್ಲ ಚೆನ್ನರಾಯಣ್ಣ!”

“ಓದಕ್ಕೆಲ್ಲಿ ಬರ್ತಿತ್ತು ಅವ್ರಿಗೆ,” ಎಂದು ವೆಂಕಟರತ್ನಮ್ಮ ನಕ್ಕಳು. ಕಣ್ಣೊರೆಸಿಕೊಳ್ಳಲು ಎತ್ತಿದ ಕೈ ಕೆಂಪಗಿದ್ದುದನ್ನು ಕಂಡು ತಡೆದಳು.

ಮುರಳಿ ನಂಬರು ಬರೆದುಕೊಂಡು, ಕೈ ಒರೆಸಲು ಬಟ್ಟೆ ಕೊಟ್ಟ. ಅವಳು ತೆಗೆದುಕೊಳ್ಳಲಿಲ್ಲ. ಗಂಡ ಹೋದ ಮೇಲೆ ಇವತ್ತಿನವರೆಗೂ ಕುಂಕುಮ ಮುಟ್ಟದಿದ್ದ ಕೈ ಅದು. ಅಂಗೈಯ ಕೆಂಪಿಗೆ ಹೆಬ್ಬೆರಳು ಅದ್ದಿ, ಫಲಕ ಬಿಟ್ಟು ಒಂದಿಷ್ಟು ಪಕ್ಕಕ್ಕೆ ಒತ್ತಿದಳು.

“ಇಲ್ಲಿರ್ಲಿ ನಾಯನಾ. ಅವ್ರ ಮಾತು ಕಾಣ್ತಾ ಇರ್ಲಿ.”