ಹತ್ತು ಗಂಟೆಯ ಬಿ.ಪಿ.

ಹೆಣದ ಪಕ್ಕದಲ್ಲೇ ಮೊಣಕಾಲೂರಿ, ಆಸ್ಪತ್ರೆಯ ಗುಮಾಸ್ತ ವಾರ್ಡಿನ ದಪ್ಪ ರಿಜಿಸ್ಟರನ್ನು ಸತ್ತವಳ ಮಗಳ, ಅದೇ ವಾರ್ಡಿನ ನರ್ಸಿನ, ಮಡಿಲಿಗೆ ತಳ್ಳಿದ.

"ಬೇಜಾರು ಮಾಡ್ಕೋಬೇಡಿ ಸಿಸ್ಟರ್. ನಾಳೆ ಬೆಳಿಗ್ಗೆ ತಪಾಸಣೆಯವರು ಬರ್ತಾರೆ. ಮೂರು ವಾರದ ಬಿ.ಪಿ. ಎಲ್ಲಾ ನಾನೇ ತುಂಬಿದೀನಿ. ನಿಮ್ಮದೊಂದು ಸಹಿ ಬಾಕಿ."

ವಾರ್ಡಿನ ಬಿ.ಪಿ. ಯಂತ್ರ ಕೆಟ್ಟು ಮೂರು ವಾರವಾಗಿತ್ತು. ನೋಡದ ಬಿ.ಪಿ.ಗೆ ಸಹಿ ಹಾಕುವುದಿಲ್ಲ ಎಂದು ಅವಳು ನಿನ್ನೆಯೇ ಹೇಳಿದ್ದಳು. ಹಾಕದಿದ್ದರೆ ಕೆಲಸಕ್ಕೆ ಬರಬೇಡ ಎಂದು ದೊಡ್ಡ ಡಾಕ್ಟರೂ ಹೇಳಿದ್ದರು. ಆ ರಿಜಿಸ್ಟರನ್ನು ಸಾವಿನ ಮನೆಗೂ ಹೊತ್ತು ತಂದದ್ದು ಕಂಡು ಅವಳ ಮೈಯೆಲ್ಲ ಉರಿಯಿತು.

"ಹಾಕಿಬಿಡಮ್ಮ," ಎಂದು ಸೋದರಮಾವ ಪಿಸುಗುಟ್ಟಿದ. "ನಿಮ್ಮಮ್ಮ ಹಟ ಮಾಡಿ ಏನು ಕಡಿದು ಗುಡ್ಡೆ ಹಾಕಿದ್ಲು? ನರ್ಸಾಗಿದ್ದೂ ಹನ್ನೊಂದು ವರ್ಷ ಆಸ್ಪತ್ರೆ ಉಗ್ರಾಣದಲ್ಲಿ ಬೆಡ್‌ಶೀಟ್ ಎಣಿಸಿದ್ಲು."

"ಅಲ್ಲೂ ಬಿಟ್ಟಿದ್ಲಾ ಆ ತಾಯಿ?" ಎಂದಳು ಆಸ್ಪತ್ರೆಯ ಬಟ್ಟೆ ಒಗೆಯುವ ಮುದುಕಿ. "ಶೀಟಿನ ಗಂಟಿನ ಮೇಲೆ ಕೂರ್ಸಿ ನಮಗೆಲ್ಲ ಬಿ.ಪಿ. ನೋಡೋಳು. ಐದು ನಿಮಿಷ ಸುಮ್ನೆ ಕೂರ್ಬೇಕು. ಬಾಯಿ ಬಿಟ್ರೆ ಮತ್ತೆ ಮೊದಲಿಂದ!"

*

ಅಮ್ಮನದು ಪಾದರಸದ ಹಳೇ ಯಂತ್ರ. ಅದರ ಗೆರೆಗಳು ಎರಡೆರಡರ ಲೆಕ್ಕದಲ್ಲಿ. ನೂರ ಮೂವತ್ತನಾಲ್ಕು ಇದ್ದರೆ ಅಷ್ಟೇ ಬರೆಯಬೇಕು, ನೂರ ಮೂವತ್ತಕ್ಕೆ ಇಳಿಸುವಂತಿಲ್ಲ. ಪುಟದ ತುಂಬ ಸೊನ್ನೆಗೆ ಮುಗಿಯುವ ಅಂಕಿಗಳೇ ಕಂಡರೆ, "ಇದು ರೋಗಿಯ ಒತ್ತಡ ಅಲ್ಲ, ಬರೆದೋರ ಸೋಮಾರಿತನ," ಎನ್ನುತ್ತಿದ್ದಳು.

ಆಗಿನ ದೊಡ್ಡ ಡಾಕ್ಟರು ಒಮ್ಮೆ ಗಡಿಯಾರ ನೋಡಿ, "ಒಬ್ಬೊಬ್ಬರಿಗೂ ಎರಡೆರಡು ಸಲ ನೋಡ್ತಾ ಕೂತ್ರೆ ಸಂಜೆ ಆಗುತ್ತೆ. ಎಲ್ಲರಿಗೂ ನೂರಿಪ್ಪತ್ತು–ಎಂಬತ್ತು ಬರೀರಿ," ಎಂದಿದ್ದರು.

"ಅದಕ್ಕೆ ನರ್ಸ್ ಯಾಕೆ ಸಾರ್? ಒಂದು ರಬ್ಬರ್ ಸ್ಟಾಂಪ್ ಮಾಡಿಸಿ."

ಮಾರನೆಯ ದಿನವೇ ಉಗ್ರಾಣದ ಬೀಗದ ಕೈ ಅಮ್ಮನ ಕೈಗೆ ಬಂತು.

*

ಮಗಳು ಪುಟ ತಿರುವಿದಳು. ಸಾಲುಸಾಲು ಸೊನ್ನೆ. ಕೊನೆಯ ಪುಟದಲ್ಲಿ ಬೆರಳು ನಿಂತಿತು. ಹನ್ನೆರಡನೇ ಹಾಸಿಗೆ, ಅಮ್ಮ ಮಲಗಿದ್ದ ಹಾಸಿಗೆ. ಇವತ್ತಿನ ತಾರೀಖು, ಬೆಳಿಗ್ಗೆ ಹತ್ತು ಗಂಟೆ, ನೂರಿಪ್ಪತ್ತು–ಎಂಬತ್ತು.

ಅಮ್ಮನ ಪ್ರಾಣ ಹೋದದ್ದು ಬೆಳಗಿನ ಐದೂವರೆಗೆ.

ಅವಳಿಗೆ ಅಳುವಿನ ಬೆನ್ನಿಗೇ ನಗುವೂ ಬಂತು. ರಿಜಿಸ್ಟರನ್ನು ಮಾವನ ಮುಂದೆ ಹಿಡಿದಳು. ಮಾವ ಕನ್ನಡಕ ಏರಿಸಿ ಓದಿದ, ಅಕ್ಕನ ಮುಖ ನೋಡಿದ, ಮತ್ತೆ ಓದಿದ.

"ಏನ್ರೀ ಇದು?"

ಗುಮಾಸ್ತನ ಮುಖ ಬಿಳಿಚಿಕೊಂಡಿತು. "ಅದು... ಇವತ್ತಿಂದೂ ನಿನ್ನೇನೇ ತುಂಬಿಟ್ಟಿದ್ದೆ..."

"ನಮ್ಮಮ್ಮ ಚೆನ್ನಾಗಿದಾಳೆ ಅಂತ ಬರ್ದಿದೀರಲ್ಲ," ಎಂದಳು ಮಗಳು, ಮನೆಗೆಲ್ಲ ಕೇಳುವಂತೆ. "ಎಬ್ಬಿಸಿ ನೋಡೋಣ. ಎದ್ದು ಕೂತ್ರೆ ಸಹಿ ಹಾಕ್ತೀನಿ."

ಗುಮಾಸ್ತ ಕೈ ಚಾಚಿದ. "ಕೊಡಿ ಸಿಸ್ಟರ್, ತಿದ್ಕೊಂಡು ಬರ್ತೀನಿ."

"ತಿದ್ದೋದು ಬೇಡ. ಇದ್ದ ಹಾಗೇ ತಪಾಸಣೆಯವರು ನೋಡ್ಲಿ. ನಾಳೆ ನಾನೇ ತರ್ತೀನಿ. ಕೆಲಸ ಹೋದ್ರೆ ಹೋಗ್ಲಿ!"

ಹೊರಗೆ ಹೆಣದ ಗಾಡಿಯವನು ಹಾರ್ನ್ ಒತ್ತಿದ. ನಾಲ್ವರು ಅಮ್ಮನನ್ನು ಎತ್ತಿ ಗಾಡಿಯಲ್ಲಿ ಮಲಗಿಸಿದರು. ಗಾಡಿ ಹೊರಟರೂ ಗುಮಾಸ್ತ ಕಿಟಕಿಯ ಸರಳು ಬಿಡದೆ, "ರಿಜಿಸ್ಟರು, ರಿಜಿಸ್ಟರು" ಎನ್ನುತ್ತ ಪಕ್ಕದಲ್ಲೇ ಓಡುತ್ತಿದ್ದ. ಒಳಗೆ ಮಾವ ಅಕ್ಕನ ತಲೆಯ ಬಳಿ, ಆ ರಿಜಿಸ್ಟರಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಿದ್ದ.